ಟೀಮು ದೇಶದ್ದು, ಮ್ಯಾಚು ಯಾರದ್ದು?

ಒಮಾನ್ ವಿರುದ್ಧ ಭಾರತದ ಫುಟ್ಬಾಲ್ ತಂಡ ಗೆದ್ದದ್ದನ್ನು ನಿಮ್ಮಲ್ಲಿ ಎಷ್ಟು ಜನ ಟಿವಿಯಲ್ಲಿ ನೋಡಿದ್ದೀರಿ? ಯಾರೂ ನೋಡಿರಲಿಕ್ಕಿಲ್ಲ. ಯಾಕೆಂದರೆ ಆ ಪಂದ್ಯ ನಮ್ಮ ಟಿವಿ ಚಾನೆಲ್‌ಗಳಲ್ಲಿ ಬರಲೇ ಇಲ್ಲ.

2025ರ ಸೆಪ್ಟೆಂಬರ್ 8ರಂದು ತಜಿಕಿಸ್ತಾನದ ಹಿಸೋರ್ ಎಂಬ ಊರಿನಲ್ಲಿ ಕಾಫಾ ನೇಷನ್ಸ್ ಕಪ್‌ನ ಮೂರನೇ ಸ್ಥಾನಕ್ಕಾಗಿ ಪಂದ್ಯ ನಡೆಯಿತು. ಆಟ 1-1ರಲ್ಲಿ ನಿಂತಿತು. ಪೆನಾಲ್ಟಿಯಲ್ಲಿ ಭಾರತ 3-2ರಿಂದ ಗೆದ್ದಿತು. ಒಮಾನ್ ರ‍್ಯಾಂಕಿಂಗ್‌ನಲ್ಲಿ ನಮಗಿಂತ ಎಷ್ಟೋ ಮೇಲಿರುವ ತಂಡ. ಅವರನ್ನು ನಾವು ಸೋಲಿಸಿದ್ದು ಅದೇ ಮೊದಲು. ಕೋಚ್ ಖಾಲಿದ್ ಜಮೀಲ್ ಆ ಹುದ್ದೆಗೆ ಬಂದು ಒಂದು ತಿಂಗಳಷ್ಟೇ ಆಗಿತ್ತು. ಹುಟ್ಟಿದ್ದು ಕುವೈತ್‌ನಲ್ಲಿ. ಗಲ್ಫ್‌ನಲ್ಲಿ ದುಡಿಯುವ ಮಕ್ಕಳಿರುವ ನಮ್ಮ ಮನೆಗಳಲ್ಲಿ ನಾಲ್ಕು ದಿನ ಮಾತಾಡಬೇಕಾದ ಸುದ್ದಿ ಅದು. ಆದರೆ ಹೆಚ್ಚಿನವರಿಗೆ ಗೊತ್ತಾದದ್ದು ಮರುದಿನದ ಪೇಪರಿನ ಸಣ್ಣ ಕಾಲಂನಲ್ಲಿ, ಇಲ್ಲವೇ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ. ನೇರ ಪ್ರಸಾರ ಇದ್ದದ್ದು ಫ್ಯಾನ್‌ಕೋಡ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಮಾತ್ರ, ಅದೂ ದುಡ್ಡು ಕಟ್ಟಿದವರಿಗೆ.

ಇದು ಒಂದು ಪಂದ್ಯದ ಕಥೆ ಅಲ್ಲ. ಅದೇ ವರ್ಷ ಜೂನ್ 10ರಂದು ಹಾಂಕಾಂಗ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಪಂದ್ಯ ಇತ್ತು. ಕೊನೇ ಗಳಿಗೆಯ ಪೆನಾಲ್ಟಿಯಲ್ಲಿ ಭಾರತ 0-1ರಿಂದ ಸೋತಿತು. ಅಲ್ಲಿನ ಸ್ಟೇಡಿಯಂನಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಕೂತು ನೋಡಿದರು. ಇಲ್ಲಿ ಅದು ಕೂಡ ಆ್ಯಪ್‌ನಲ್ಲೇ. ಅಕ್ಟೋಬರ್‌ನಲ್ಲಿ ಸಿಂಗಾಪುರದಲ್ಲಿ 1-1, ನಂತರ ಗೋವಾದ ಮಡಗಾಂವ್‌ನಲ್ಲಿ 1-2. ಅಲ್ಲಿಗೆ 2027ರ ಏಷ್ಯಾ ಕಪ್ ಕನಸು ಮುಗಿಯಿತು. ಒಂದು ದೇಶದ ತಂಡ ಹೀಗೆ ಗೆದ್ದದ್ದೂ ಸೋತದ್ದೂ ಆ ದೇಶದ ಹೆಚ್ಚಿನ ಮನೆಗಳಿಗೆ ಕಾಣಲಿಲ್ಲ ಎಂದರೆ ಅದು ಸಣ್ಣ ವಿಷಯವಾ?

"ನಮ್ಮ ದೇಶದ ಟೀಮು ಅಲ್ವಾ, ಟಿವಿಯಲ್ಲಿ ಯಾಕೆ ಹಾಕುದಿಲ್ಲ?" ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಹುಡುಕುತ್ತಾ ಹೋದರೆ ಎಷ್ಟೋ ಬಾಗಿಲುಗಳನ್ನು ದಾಟಬೇಕಾಗುತ್ತದೆ.

ಯಾರ ಅಂಗಳವೋ ಅವರದೇ ಹಕ್ಕು

ಮೊದಲು ತಿಳಿಯಬೇಕಾದದ್ದು ಇದು: ಭಾರತ ಆಡುವ ಪಂದ್ಯ ಎಲ್ಲವೂ ಭಾರತದ್ದಲ್ಲ. ಅರ್ಹತಾ ಪಂದ್ಯಗಳಲ್ಲಿ, ಸ್ನೇಹ ಪಂದ್ಯಗಳಲ್ಲಿ ಪ್ರಸಾರದ ಹಕ್ಕು ಸಾಮಾನ್ಯವಾಗಿ ಆತಿಥೇಯ ದೇಶದ ಫುಟ್ಬಾಲ್ ಸಂಸ್ಥೆಗೆ ಸೇರುತ್ತದೆ. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಆಡಿದರೆ ಹಕ್ಕು ನಮ್ಮ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್‌ನದ್ದು. ಢಾಕಾದಲ್ಲಿ ಆಡಿದರೆ ಬಾಂಗ್ಲಾದವರದ್ದು. ಮದುವೆ ಯಾರ ಮನೆಯಲ್ಲೋ ವಿಡಿಯೋದವನನ್ನು ಕರೆಯುವುದು ಅವರೇ ಅಲ್ಲವಾ, ಹಾಗೆ.

ಹಕ್ಕು ಇದ್ದವರು ಅದನ್ನು ದೇಶದೇಶಕ್ಕೆ ಬೇರೆಬೇರೆಯಾಗಿ ಮಾರುತ್ತಾರೆ. ಎಷ್ಟೋ ಸಲ ನೇರವಾಗಿ ಮಾರುವುದಿಲ್ಲ, ನಡುವೆ ಏಜೆನ್ಸಿಗಳಿರುತ್ತವೆ. ಹಾಂಕಾಂಗ್‌ನ ಪಂದ್ಯ ಭಾರತದ ಟಿವಿಯಲ್ಲಿ ಬರಬೇಕಾದರೆ ಭಾರತದ ಯಾವುದಾದರೂ ಚಾನೆಲ್ ಹಣ ಕೊಟ್ಟು ಕೊಳ್ಳಬೇಕು. ಯಾವ ಚಾನೆಲೂ ಮುಂದೆ ಬಾರದಿದ್ದರೆ ಆ್ಯಪ್‌ನವರು ಕೊಳ್ಳುತ್ತಾರೆ. ಅವರೂ ಬಾರದಿದ್ದರೆ ಪಂದ್ಯ ಕಾಣಿಸುವುದೇ ಇಲ್ಲ. ನಮ್ಮ ಫೆಡರೇಶನ್ ಅಲ್ಲಿ ಅತಿಥಿ ಮಾತ್ರ, ಮಾರಾಟದ ಮಾತುಕತೆಯಲ್ಲಿ ಅದರ ಕೈ ಇರುವುದಿಲ್ಲ.

ಈ ತೊಂದರೆ ನಮಗೊಬ್ಬರಿಗೇ ಬಂದದ್ದಲ್ಲ. ಫುಟ್ಬಾಲ್ ಹುಟ್ಟಿದ ಮನೆ ಎನ್ನುವ ಇಂಗ್ಲೆಂಡಿಗೂ ಬಂದಿತ್ತು. 2009ರ ಅಕ್ಟೋಬರ್ 10ರಂದು ಇಂಗ್ಲೆಂಡ್ ತಂಡ ಉಕ್ರೇನ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ ಆಡಿತು. ಹಕ್ಕು ಉಕ್ರೇನ್‌ನವರದ್ದು, ಅವರ ಪರವಾಗಿ ಮಾರುತ್ತಿದ್ದದ್ದು ಕೆಂಟಾರೊ ಎಂಬ ಏಜೆನ್ಸಿ. ಬ್ರಿಟನ್ನಿನಲ್ಲಿ ಅದನ್ನು ಕೊಂಡಿದ್ದ ಸೆಟಾಂಟಾ ಚಾನೆಲ್ ಆ ವರ್ಷ ಜೂನ್‌ನಲ್ಲಿ ದಿವಾಳಿಯಾಗಿ ಮುಚ್ಚಿತು. ಬೇರೆ ಚಾನೆಲ್‌ಗಳ ಜೊತೆ ದರ ಕುದುರಲಿಲ್ಲ. ಕೊನೆಗೆ ಪಂದ್ಯ ಇಂಟರ್ನೆಟ್‌ನಲ್ಲಿ ಮಾತ್ರ ಬಂತು. ಮೊದಲೇ ಕಟ್ಟಿದವರಿಗೆ 4.99 ಪೌಂಡ್, ಕೊನೆಯ ದಿನಕ್ಕೆ 11.99 ಪೌಂಡ್. ಇಂಗ್ಲೆಂಡ್ ತಂಡದ ಪಂದ್ಯ ಹೀಗೆ ಇಂಟರ್ನೆಟ್‌ನಲ್ಲಷ್ಟೇ ಬಂದದ್ದು ಅದೇ ಮೊದಲು. ಅಲ್ಲಿ ದೊಡ್ಡ ಗಲಾಟೆಯೇ ಆಯಿತು.

ಯುರೋಪಿನವರು ಇದಕ್ಕೆ ಒಂದು ದಾರಿ ಕಂಡುಕೊಂಡರು. 2014ರಿಂದ ಯುರೋಪಿನ ಅರ್ಹತಾ ಪಂದ್ಯಗಳ ಹಕ್ಕನ್ನೆಲ್ಲ ಒಟ್ಟುಗೂಡಿಸಿ ಅಲ್ಲಿನ ಒಕ್ಕೂಟ ಯುಇಎಫ್ಎ ತಾನೇ ಮಾರುತ್ತದೆ. ಒಂದು ದೇಶದ ಚಾನೆಲ್ ತನ್ನ ತಂಡದ ಪಂದ್ಯಗಳನ್ನು, ತವರಿನದ್ದೂ ಹೊರಗಿನದ್ದೂ ಸೇರಿಸಿ, ಒಂದೇ ಕಡೆ ಕೊಳ್ಳಬಹುದು. ಏಷ್ಯಾದಲ್ಲಿ ಒಕ್ಕೂಟ ಹೀಗೆ ಒಟ್ಟಿಗೆ ಮಾರುವುದು ಏಷ್ಯಾ ಕಪ್ ಮತ್ತು ವಿಶ್ವಕಪ್ ಅರ್ಹತೆಯ ಕೊನೆಯ ಹಂತಗಳನ್ನು. ಭಾರತ ಹೆಚ್ಚಾಗಿ ಆಡುವುದು ಅದಕ್ಕಿಂತ ಕೆಳಗಿನ ಹಂತಗಳಲ್ಲಿ. ಹಾಗಾಗಿ ನಮ್ಮ ಪಂದ್ಯಗಳು ಅಲ್ಲೊಂದು ಇಲ್ಲೊಂದು ಚೆದುರಿಹೋಗುತ್ತವೆ.

ಕೊಳ್ಳುವವರು ಯಾಕಿಲ್ಲ?

ಚಾನೆಲ್‌ನವರನ್ನು ಕೇಳಿದರೆ ಒಂದೇ ಮಾತು, ಜಾಹೀರಾತು ಸಿಗುವುದಿಲ್ಲ ಅಂತ. ಇದರಲ್ಲಿ ಸುಳ್ಳಿಲ್ಲ. ಕ್ರಿಕೆಟ್‌ನಲ್ಲಿ ಓವರ್ ಮುಗಿದಾಗ ಒಂದು ಜಾಹೀರಾತು, ವಿಕೆಟ್ ಬಿದ್ದಾಗ ಇನ್ನೊಂದು. ಫುಟ್ಬಾಲ್‌ನಲ್ಲಿ 45 ನಿಮಿಷ ಚೆಂಡು ಓಡುತ್ತಲೇ ಇರುತ್ತದೆ, ನಡುವೆ ಜಾಹೀರಾತು ತುರುಕಲಿಕ್ಕೆ ಜಾಗವೇ ಇಲ್ಲ. ಲೆಕ್ಕ ನೋಡಿ: ಐಪಿಎಲ್‌ನ 2023ರಿಂದ 2027ರ ವರೆಗಿನ ಐದು ವರ್ಷದ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಫುಟ್ಬಾಲ್ ಫೆಡರೇಶನ್ 2010ರ ಡಿಸೆಂಬರ್‌ನಲ್ಲಿ ಐಎಂಜಿ-ರಿಲಯನ್ಸ್ ಜೊತೆ ಮಾಡಿಕೊಂಡ ಒಪ್ಪಂದ 15 ವರ್ಷಕ್ಕೆ 700 ಕೋಟಿ. ಅದರಲ್ಲಿ ಬರೀ ಪ್ರಸಾರ ಅಲ್ಲ, ಪ್ರಾಯೋಜಕತ್ವ, ಜಾಹೀರಾತು, ವ್ಯಾಪಾರದ ಇತರ ಹಕ್ಕುಗಳೆಲ್ಲ ಸೇರಿದ್ದವು. ಅದಕ್ಕೂ ಮೊದಲು ಝೀ ಸ್ಪೋರ್ಟ್ಸ್ ಜೊತೆಗಿದ್ದ 10 ವರ್ಷದ ಒಪ್ಪಂದ ಅವಧಿ ಮುಗಿಯುವ ಮುಂಚೆಯೇ ಮುರಿದುಬಿದ್ದಿತ್ತು.

ಆ 15 ವರ್ಷವೂ 2025ರ ಡಿಸೆಂಬರ್‌ಗೆ ಮುಗಿಯಿತು. ಹೊಸ ಪಾಲುದಾರರಿಗಾಗಿ ಫೆಡರೇಶನ್ ಟೆಂಡರ್ ಕರೆದಾಗ ನವೆಂಬರ್‌ನ ಗಡುವಿನೊಳಗೆ ಒಂದೇ ಒಂದು ಬಿಡ್ ಬರಲಿಲ್ಲ. ಆ ಟೆಂಡರ್ ಇದ್ದದ್ದು ಐಎಸ್ಎಲ್ ಲೀಗಿನ ವ್ಯಾಪಾರದ ಹಕ್ಕಿಗೆ, ರಾಷ್ಟ್ರೀಯ ತಂಡಕ್ಕಲ್ಲ. ಆದರೂ ನಮ್ಮ ಫುಟ್ಬಾಲ್‌ನ ಮಾರುಕಟ್ಟೆ ಎಲ್ಲಿಗೆ ಬಂದು ಮುಟ್ಟಿದೆ ಎಂದು ಅದರಿಂದ ಗೊತ್ತಾಗುತ್ತದೆ.

ಇನ್ನೊಂದು ಕಾರಣವೂ ಉಂಟು. ಮೊದಲು ಸ್ಟಾರ್ ಬೇರೆ, ಸ್ಪೋರ್ಟ್ಸ್18 ಬೇರೆ ಇತ್ತು. 2024ರ ನವೆಂಬರ್‌ನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಕಂಪೆನಿಗಳ ಟಿವಿ ವ್ಯವಹಾರ ಒಂದಾಯಿತು. ಸಂತೆಯಲ್ಲಿ ಇಬ್ಬರು ಗಿರಾಕಿಗಳಿದ್ದರೆ ಬೆಲೆ ಏರುತ್ತದೆ. ಇಬ್ಬರೂ ಒಂದಾದರೆ ಮೀನು ಬುಟ್ಟಿಯಲ್ಲೇ ಉಳಿಯುತ್ತದೆ.

ತಂಡದ ಆಟವೂ ಕುಸಿದಿದೆ ಎಂದು ಒಪ್ಪಬೇಕು. 2023ರ ಜುಲೈಯಲ್ಲಿ ಫಿಫಾ ರ‍್ಯಾಂಕಿಂಗ್‌ನಲ್ಲಿ 99ನೇ ಸ್ಥಾನದಲ್ಲಿದ್ದ ತಂಡ 2025ರ ಕೊನೆಗೆ 140ರಿಂದಲೂ ಕೆಳಗೆ ಹೋಯಿತು. ಸೋಲುವ ತಂಡವನ್ನು ಯಾರು ತೋರಿಸುತ್ತಾರೆ ಎಂಬುದು ಒಂದು ಪ್ರಶ್ನೆ. ಕಾಣಿಸದ ತಂಡಕ್ಕೆ ಜನರ ಬೆಂಬಲ, ಪ್ರಾಯೋಜಕರ ಹಣ ಎಲ್ಲಿಂದ ಬರಬೇಕು ಎಂಬುದು ಇನ್ನೊಂದು ಪ್ರಶ್ನೆ. ಇವು ಒಂದನ್ನೊಂದು ಸುತ್ತುತ್ತಾ ಇರುತ್ತವೆ.

ಕಾನೂನು ಇದೆ, ಆದರೆ ಮೂರು ಕಡೆ ತೂತು

ಹಾಗಾದರೆ ಸರಕಾರಕ್ಕೆ ಏನೂ ಜವಾಬ್ದಾರಿ ಇಲ್ಲವಾ? ಉಂಟು. ಗಾಳಿಯಲ್ಲಿ ಹರಿಯುವ ಪ್ರಸಾರದ ತರಂಗಗಳು ಸಾರ್ವಜನಿಕ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಬಂದ ತೀರ್ಪು ಅದು. 2007ರ ಆರಂಭದಲ್ಲಿ ವೆಸ್ಟ್ ಇಂಡೀಸ್ ತಂಡ ಭಾರತಕ್ಕೆ ಬಂದಾಗ ಹಕ್ಕು ಹೊಂದಿದ್ದ ನಿಂಬಸ್ ಕಂಪೆನಿಗೂ ದೂರದರ್ಶನಕ್ಕೂ ಜಗಳವಾಗಿ, ದೂರದರ್ಶನ ನೋಡುವವರಿಗೆ ನೇರ ಪ್ರಸಾರ ತಪ್ಪಿತು. ಆಗ ಸರಕಾರ ತರಾತುರಿಯಲ್ಲಿ ಸುಗ್ರೀವಾಜ್ಞೆ ತಂದು, ನಂತರ ಅದನ್ನು ಕಾಯ್ದೆ ಮಾಡಿತು.

ಆ ಕಾಯ್ದೆ ಹೇಳುವುದು ಸರಳ. ಯಾವ ಪಂದ್ಯಗಳು "ರಾಷ್ಟ್ರೀಯ ಮಹತ್ವದ್ದು" ಎಂದು ಕೇಂದ್ರ ಸರಕಾರ ಗಜೆಟ್‌ನಲ್ಲಿ ಪಟ್ಟಿ ಮಾಡುತ್ತದೆ. ಆ ಪಂದ್ಯಗಳನ್ನು ಕೇಬಲ್ ಅಥವಾ ಡಿಟಿಎಚ್‌ನಲ್ಲಿ ನೇರ ತೋರಿಸುವ ಖಾಸಗಿಯವರು ಅದೇ ಹೊತ್ತಿಗೆ ದೂರದರ್ಶನಕ್ಕೂ ಕೊಡಬೇಕು. ಪುಕ್ಕಟೆ ಕಸಿದುಕೊಳ್ಳುವುದಲ್ಲ: ದೂರದರ್ಶನಕ್ಕೆ ಅದರಿಂದ ಬರುವ ಜಾಹೀರಾತಿನ ಹಣದಲ್ಲಿ ಕಡಿಮೆಯೆಂದರೂ ನೂರಕ್ಕೆ 75 ಪಾಲು ಹಕ್ಕುದಾರರಿಗೇ ಹೋಗುತ್ತದೆ. ಕೇಳಲಿಕ್ಕೆ ಚಂದದ ಕಾನೂನು. ಆದರೆ ಫುಟ್ಬಾಲ್ ವಿಷಯಕ್ಕೆ ಬಂದರೆ ಮೂರು ಕಡೆ ಸೋರುತ್ತದೆ.

ಮೊದಲನೆಯದು ಪಟ್ಟಿ. ಕ್ರಿಕೆಟ್‌ನಲ್ಲಿ ಭಾರತದ ಪುರುಷರ ತಂಡ ಆಡುವ ಏಕದಿನ, ಟಿ20 ಪಂದ್ಯಗಳೆಲ್ಲ ಪಟ್ಟಿಯಲ್ಲಿವೆ. ಫುಟ್ಬಾಲ್‌ನಲ್ಲಿ ವಿಶ್ವಕಪ್‌ನ ಕೆಲವು ಮುಖ್ಯ ಪಂದ್ಯಗಳು, ಏಷ್ಯಾ ಕಪ್‌ನಲ್ಲಿ ಭಾರತ ಆಡುವ ಪಂದ್ಯಗಳು, ಸಂತೋಷ್ ಟ್ರೋಫಿಯ ಕೊನೆಯ ಹಂತ, ಇಷ್ಟೇ. ಅರ್ಹತಾ ಪಂದ್ಯಗಳು ಇಲ್ಲ. ಭಾರತ ವಿಶ್ವಕಪ್ ಆಡಿದ್ದೇ ಇಲ್ಲ. 2027ರ ಏಷ್ಯಾ ಕಪ್‌ಗೂ ಹೋಗುವುದಿಲ್ಲ. ಅಂದರೆ ನಮ್ಮ ತಂಡ ನಿಜವಾಗಿ ಆಡುವ ಪಂದ್ಯಗಳನ್ನೇ ಕಾನೂನು ಲೆಕ್ಕಕ್ಕೆ ಹಿಡಿದಿಲ್ಲ. ಅಡುಗೆ ಮಾಡುವಾಗ ಕರೆಯದೆ ಊಟಕ್ಕೆ ಮಾತ್ರ ಕರೆದಂತೆ, ಆ ಊಟ ಆಗುವುದೂ ಇಲ್ಲ.

ಎರಡನೆಯದು ಕೇಬಲ್. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಹೀಗೆ ಹಂಚಿಕೊಂಡ ಪ್ರಸಾರವನ್ನು ದೂರದರ್ಶನ ತನ್ನ ಸ್ವಂತ ಟವರ್‌ಗಳಲ್ಲಿ ಮತ್ತು ತನ್ನ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬೇಕು, ಕೇಬಲ್‌ನವರಿಗೆ ಕೊಡುವಂತಿಲ್ಲ ಎಂದು. ಮನೆಯ ಮೇಲೆ ಆಂಟೆನಾ ಕಟ್ಟಿ ನೋಡುತ್ತಿದ್ದ ಕಾಲದ ಟವರ್‌ಗಳನ್ನು ದೂರದರ್ಶನ 2022ರ ಹೊತ್ತಿಗೆ ಬಹುತೇಕ ಮುಚ್ಚಿತು. ಹಾಗಾಗಿ ಈಗ ಉಳಿದದ್ದು ಫ್ರೀ ಡಿಶ್ ಒಂದೇ. ಕೇಬಲ್ ಹಾಕಿಸಿ ತಿಂಗಳು ತಿಂಗಳು ಹಣ ಕಟ್ಟುವವನ ಮನೆಯಲ್ಲಿ ದೂರದರ್ಶನ ಬರುತ್ತದೆ, ಆ ಪಂದ್ಯ ಮಾತ್ರ ಬರುವುದಿಲ್ಲ. ಎಷ್ಟೋ ಜನ ಕೇಬಲ್‌ನ ಹುಡುಗನಿಗೆ ಬೈಯುತ್ತಾರೆ. ಅವನ ತಪ್ಪು ಏನೂ ಇಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮೊಬೈಲ್ ಆ್ಯಪ್. ಕಾಯ್ದೆಯಲ್ಲಿ ಬರೆದಿರುವುದು ಕೇಬಲ್ ಮತ್ತು ಡಿಟಿಎಚ್‌ನಲ್ಲಿ ತೋರಿಸುವ ಟಿವಿ ಪ್ರಸಾರದ ಬಗ್ಗೆ. 2007ರಲ್ಲಿ ಪಂದ್ಯ ನೋಡುವ ಫೋನು ಯಾರ ಕೈಯಲ್ಲಿತ್ತು? ಈಗ ಪಂದ್ಯ ಆ್ಯಪ್‌ನಲ್ಲಿ ಮಾತ್ರ ಬಂದರೆ, ಟಿವಿಯಲ್ಲಿ ಯಾರೂ ತೋರಿಸದಿದ್ದರೆ, ಹಂಚಿಕೊಳ್ಳಲಿಕ್ಕೆ ಟಿವಿ ಪ್ರಸಾರವೇ ಇರುವುದಿಲ್ಲ. ನಾಳೆ ಅರ್ಹತಾ ಪಂದ್ಯಗಳನ್ನು ಪಟ್ಟಿಗೆ ಸೇರಿಸಿದರೂ ಈ ತೂತು ಮುಚ್ಚದಿದ್ದರೆ ಪ್ರಯೋಜನ ಕಡಿಮೆ.

ಬೇರೆ ದೇಶದವರು ಏನು ಮಾಡಿದರು?

ಯುರೋಪ್ ಒಕ್ಕೂಟ 1997ರಲ್ಲಿ ತನ್ನ ಟಿವಿ ನಿಯಮಗಳನ್ನು ತಿದ್ದಿ, ಜನರಿಗೆ ಮುಖ್ಯವಾದ ಪಂದ್ಯಗಳ ಪಟ್ಟಿ ಮಾಡಿ ಅವುಗಳನ್ನು ಉಚಿತ ಚಾನೆಲ್‌ಗಳಲ್ಲಿ ಉಳಿಸಿಕೊಳ್ಳುವ ಅಧಿಕಾರವನ್ನು ಸದಸ್ಯ ದೇಶಗಳಿಗೆ ಕೊಟ್ಟಿತು. ಜರ್ಮನಿಯ ಪಟ್ಟಿ ನೋಡಿ: ವಿಶ್ವಕಪ್, ಯುರೋ ಕಪ್‌ನಲ್ಲಿ ಜರ್ಮನಿ ಆಡುವ ಪಂದ್ಯಗಳು ಮಾತ್ರವಲ್ಲ, ಅವರ ರಾಷ್ಟ್ರೀಯ ತಂಡದ ತವರಿನ ಪಂದ್ಯ, ಹೊರದೇಶದ ಪಂದ್ಯ ಎರಡೂ ಅದರಲ್ಲಿವೆ. ಫ್ರಾನ್ಸ್ 2004ರ ತನ್ನ ಆದೇಶದಲ್ಲಿ ಫಿಫಾ ಕ್ಯಾಲೆಂಡರಿನಲ್ಲಿ ಬರುವ ತನ್ನ ತಂಡದ ಪಂದ್ಯಗಳನ್ನು ಸೇರಿಸಿದೆ. ಬ್ರಿಟನ್, ಬೆಲ್ಜಿಯಂ ವಿಶ್ವಕಪ್ಪಿನ ಎಲ್ಲ ಪಂದ್ಯಗಳನ್ನೂ ಪಟ್ಟಿಗೆ ಹಾಕಿದಾಗ ಫಿಫಾ ಕೋರ್ಟಿಗೆ ಹೋಯಿತು, ಹಕ್ಕಿನ ಬೆಲೆ ಬೀಳುತ್ತದೆ ಎಂದು. 2013ರ ಜುಲೈ 18ರಂದು ಯುರೋಪಿನ ನ್ಯಾಯಾಲಯ ಫಿಫಾದ ಮೇಲ್ಮನವಿಯನ್ನು ತಳ್ಳಿಹಾಕಿತು. ಹಕ್ಕುದಾರನಿಗೆ ತನ್ನ ಸೊತ್ತಿನ ಮೇಲೆ ಅಧಿಕಾರ ಇದೆ, ಆದರೆ ಜನರಿಗೆ ನೋಡುವ ಹಕ್ಕೂ ಇದೆ, ಎರಡನ್ನೂ ತೂಗಬೇಕು ಎಂಬುದು ಇದರ ಹಿಂದಿನ ವಿಚಾರ.

ಗಲ್ಫ್‌ನಲ್ಲಿರುವ ನಮ್ಮವರಿಗೆ ಇದರ ಇನ್ನೊಂದು ಮುಖ ಗೊತ್ತುಂಟು. ಅಲ್ಲಿ ವಿಶ್ವಕಪ್ ನೋಡಬೇಕಾದರೆ ಕತಾರ್‌ನ ಬೀಇನ್ ಸ್ಪೋರ್ಟ್ಸ್‌ಗೆ ಹಣ ಕಟ್ಟಬೇಕು. ಇಡೀ ಅರಬ್ ಜಗತ್ತಿಗೆ ಹಕ್ಕು ಅವರ ಕೈಯಲ್ಲೇ. 2017ರಲ್ಲಿ ಕತಾರ್ ಮೇಲೆ ನೆರೆಯ ದೇಶಗಳು ದಿಗ್ಬಂಧನ ಹಾಕಿದಾಗ ಬೀಔಟ್‌ಕ್ಯೂ ಎಂಬ ಹೆಸರಿನಲ್ಲಿ ಅದೇ ಪ್ರಸಾರವನ್ನು ಕದ್ದು ತೋರಿಸುವ ಚಾನೆಲ್‌ಗಳೇ ಶುರುವಾದವು. ವಿಷಯ ವಿಶ್ವ ವ್ಯಾಪಾರ ಸಂಸ್ಥೆಯ ವರೆಗೆ ಹೋಗಿ, 2020ರ ಜೂನ್‌ನಲ್ಲಿ ವರದಿ ಬಂತು. ಒಂದು ಚೆಂಡಿನ ಆಟದ ಪ್ರಸಾರಕ್ಕಾಗಿ ದೇಶದೇಶಗಳ ನಡುವೆ ವ್ಯಾಜ್ಯ! ಇಷ್ಟು ಬೆಲೆ ಬಾಳುವ ವಸ್ತು ಅದು ಎಂದು ನಾವು ಅರ್ಥ ಮಾಡಿಕೊಳ್ಳಬೇಕು. ಕದ್ದ ಲಿಂಕ್‌ನಲ್ಲಿ ನೋಡುವುದು ಇದಕ್ಕೆ ಪರಿಹಾರ ಅಲ್ಲ. ಅದರಿಂದ ಆಟಕ್ಕೆ ಒಂದು ಪೈಸೆ ಹೋಗುವುದಿಲ್ಲ. ನೋಡುವವರು ಇದ್ದಾರೆ ಎಂಬ ಲೆಕ್ಕವೂ ಎಲ್ಲಿಯೂ ಸಿಗುವುದಿಲ್ಲ.

ಕಾಣದಿದ್ದರೆ ಆಗುವ ನಷ್ಟ

ಮಂಗಳೂರಿನ ನೆಹರೂ ಮೈದಾನಕ್ಕೆ ಹೋಗಿ, ಬೆಂಗ್ರೆಗೆ ಹೋಗಿ, ಉಳ್ಳಾಲಕ್ಕೆ ಹೋಗಿ. ಚೆಂಡಿನ ಹಿಂದೆ ಓಡುವ ಹುಡುಗರ ಬೆನ್ನಿನ ಮೇಲೆ ಮೆಸ್ಸಿ, ರೊನಾಲ್ಡೊ, ನೇಮರ್ ಹೆಸರು. ವಿಶ್ವಕಪ್ ಬಂದರೆ ಅರ್ಜೆಂಟೀನಾ, ಬ್ರೆಝಿಲ್ ಫ್ಲೆಕ್ಸ್‌ಗಳಿಗೆ ಜಾಗ ಸಾಲುವುದಿಲ್ಲ. ಅದರಲ್ಲಿ ತಪ್ಪಿಲ್ಲ, ಆಟಕ್ಕೆ ಗಡಿ ಇಲ್ಲ. ಆದರೆ ಈ ಪ್ರೀತಿ ಎಲ್ಲಿಂದ ಬಂತು ಎಂದು ಯೋಚಿಸಿ. 1986ರ ಮೆಕ್ಸಿಕೊ ವಿಶ್ವಕಪ್ಪನ್ನು ದೂರದರ್ಶನ ನೇರವಾಗಿ ತೋರಿಸಿತು. ಊರಿಗೊಂದೋ ಎರಡೋ ಟಿವಿ ಇದ್ದ ಕಾಲ. ಕೇರಳದಲ್ಲೂ ಬಂಗಾಳದಲ್ಲೂ ಒಂದು ತಲೆಮಾರು ಮರಡೋನಾನನ್ನು ಮನೆಯ ಮಗನಂತೆ ಹಚ್ಚಿಕೊಂಡದ್ದು ಆ ಪರದೆಯಿಂದ. ಪುಕ್ಕಟೆ ಕಂಡದ್ದು ಮನಸ್ಸಿನಲ್ಲಿ ನಾಲ್ಕು ದಶಕ ಉಳಿಯಿತು.

ಮಲಪ್ಪುರಂನ ಆಶಿಕ್ ಕುರುಣಿಯನ್, ಅನಸ್ ಎಡತೊಡಿಕ, ಅಲ್‌ಐನ್‌ನಲ್ಲಿ ಹುಟ್ಟಿದ ಸಹಲ್ ಅಬ್ದುಲ್ ಸಮದ್ ದೇಶದ ಅಂಗಿ ತೊಟ್ಟು ಆಡಿದವರು. ನಮ್ಮ ಕಡಲ ಕರೆಯಲ್ಲೇ ಸ್ವಲ್ಪ ದಕ್ಷಿಣಕ್ಕೆ ಹೋದರೆ ಸಿಗುವ ಊರಿನವರು, ನಮ್ಮಂತೆಯೇ ಗಲ್ಫ್‌ನ ನಂಟಿರುವ ಮನೆಯವರು. ಬೆಂಗ್ರೆಯ ಹುಡುಗನಿಗೆ ಮೆಸ್ಸಿಯಂತಾಗುವುದು ಕನಸು, ಸಹಲ್‌ನಂತಾಗುವುದು ಗುರಿ. ಆದರೆ ಸಹಲ್ ಭಾರತಕ್ಕಾಗಿ ಆಡುವುದನ್ನು ಅವನು ಟಿವಿಯಲ್ಲಿ ನೋಡದಿದ್ದರೆ ಆ ಗುರಿ ಅವನಿಗೆ ಕಾಣುವುದು ಹೇಗೆ?

"ನೋಡುವವರಿಲ್ಲ" ಎಂಬ ಮಾತನ್ನೂ ಪೂರ್ತಿ ಒಪ್ಪಬೇಕಾಗಿಲ್ಲ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ ಸ್ಟೇಡಿಯಂನಲ್ಲಿದ್ದವರು ಎರಡೂವರೆ ಸಾವಿರದಷ್ಟು ಮಾತ್ರ. ನಾಯಕ ಸುನಿಲ್ ಛೆಟ್ರಿ ವಿಡಿಯೋ ಮಾಡಿ, ಬೈಯಲಿಕ್ಕಾದರೂ ಬನ್ನಿ, ಬಂದು ನೋಡಿ ಎಂದು ಕೇಳಿಕೊಂಡರು. ಕೆನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟ್ ಪೂರ್ತಿ ಮಾರಾಟವಾಯಿತು. ಜನರಿಗೆ ತಲುಪಿದರೆ ಜನ ಬರುತ್ತಾರೆ.

ಏನು ಕೇಳಬೇಕು, ಏನು ಮಾಡಬಹುದು?

ಕೇಳಬೇಕಾದದ್ದು ದೊಡ್ಡದೇನಲ್ಲ. ಒಂದು, ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳ ಅರ್ಹತಾ ಪಂದ್ಯಗಳನ್ನು ರಾಷ್ಟ್ರೀಯ ಮಹತ್ವದ ಪಟ್ಟಿಗೆ ಸೇರಿಸುವುದು. ಇದಕ್ಕೆ ಹೊಸ ಕಾಯ್ದೆ ಬೇಡ, ಒಂದು ಗಜೆಟ್ ಅಧಿಸೂಚನೆ ಸಾಕು. ಮಹಿಳೆಯರ ತಂಡ 2025ರ ಜುಲೈಯಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆದದ್ದನ್ನು ಮರೆಯಬಾರದು. ಎರಡು, ಆ್ಯಪ್‌ನಲ್ಲಿ ಮಾತ್ರ ಬರುವ ಪಂದ್ಯಗಳನ್ನೂ ಹಂಚಿಕೊಳ್ಳಬೇಕು ಎಂದು 2007ರ ಕಾಯ್ದೆಯನ್ನು ತಿದ್ದುವುದು. ಮೂರು, ಹೊರದೇಶದ ಪಂದ್ಯಗಳಿಗೆ ಖಾಸಗಿಯವರು ಬಾರದಿದ್ದಾಗ ದೂರದರ್ಶನವೇ ಕೊಳ್ಳುವುದು. ಡಿಡಿ ಸ್ಪೋರ್ಟ್ಸ್ ಎಂಬ ಚಾನೆಲ್ ಇದೆ, ಫ್ರೀ ಡಿಶ್ ಕೋಟಿಗಟ್ಟಲೆ ಮನೆಗಳಲ್ಲಿದೆ. ಬೇರೆ ಯಾರಿಗೂ ಬೇಡವಾದ ಹಕ್ಕಿಗೆ ಕ್ರಿಕೆಟ್‌ನಷ್ಟು ಬೆಲೆ ಇರುವುದಿಲ್ಲ.

ಇದಕ್ಕೆಲ್ಲ ತೆರಿಗೆ ಹಣ ಯಾಕೆ ಎಂದು ಕೇಳುವವರಿರಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಮೈದಾನ ಕಟ್ಟಲಿಕ್ಕೆ, ತಂಡವನ್ನು ಹೊರದೇಶಕ್ಕೆ ಕಳಿಸಲಿಕ್ಕೆ ಸರಕಾರ ಈಗಲೂ ಹಣ ಕೊಡುತ್ತದೆ. ಆ ಹಣದಲ್ಲಿ ಆಡಿದ ಆಟವನ್ನು ಹಣ ಕೊಟ್ಟ ಜನರಿಗೆ ತೋರಿಸುವುದು ಹೆಚ್ಚಿನ ಖರ್ಚು ಅಲ್ಲ, ಲೆಕ್ಕ ಒಪ್ಪಿಸಿದ ಹಾಗೆ.

ನಮ್ಮ ಮಟ್ಟದಲ್ಲೂ ಆಗುವ ಕೆಲಸ ಉಂಟು. ಊರೂರಿನ ಫುಟ್ಬಾಲ್ ಕ್ಲಬ್‌ಗಳು, ಯುವಕರ ಸಂಘಗಳು ತಮ್ಮ ಲೆಟರ್‌ಹೆಡ್‌ನಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ, ಕ್ರೀಡಾ ಸಚಿವಾಲಯಕ್ಕೆ, ನಮ್ಮ ಸಂಸದರಿಗೆ ಒಂದೊಂದು ಪತ್ರ ಬರೆಯಲಿ. ಪಟ್ಟಿ ತಿದ್ದುವ ಅಧಿಕಾರ ಅವರ ಕೈಯಲ್ಲಿದೆ, ಕೇಬಲ್‌ನ ಹುಡುಗನ ಕೈಯಲ್ಲಿ ಇಲ್ಲ. ದೊಡ್ಡ ಪರದೆ ಹಾಕಿ ಪಂದ್ಯ ತೋರಿಸುವವರು ಒಂದು ವಿಷಯ ನೆನಪಿಡಿ: ಟಿಕೆಟ್ ಇಟ್ಟರೆ, ಅಂಗಡಿಯವರ ಪ್ರಾಯೋಜಕತ್ವ ಹಾಕಿಕೊಂಡರೆ ಹಕ್ಕುದಾರರ ಅನುಮತಿ ಬೇಕು. ಮೊದಲೇ ಕೇಳಿಕೊಂಡರೆ ನಂತರ ತಕರಾರಿಲ್ಲ. ಇನ್ನು ಭಾರತದ ಪಂದ್ಯ ಇರುವ ದಿನ, ಅದು ಆ್ಯಪ್‌ನಲ್ಲೇ ಆಗಲಿ, ಕ್ಲಬ್‌ನ ಹಿರಿಯರು ಯಾರಾದರೂ ಹಣ ಕಟ್ಟಿ ನಾಲ್ಕು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರ್ಜೆಂಟೀನಾದ ಅಂಗಿ ತೊಟ್ಟೇ ಬರಲಿ, ಪರವಾಗಿಲ್ಲ. ನೀಲಿ ಅಂಗಿಯವರು ಯಾರು, ಯಾವ ಊರಿನವರು ಎಂದು ಅವರಿಗೆ ಹೇಳಿಕೊಡಿ.